ಕಾರಿಗೆ ಯಾವ ವ್ಯಾಕ್ಸ್? ಮೊದಲು ಬೋರ್‌ವೆಲ್ ನೀರಿನ ಮಾತು

ಪ್ರಶ್ನೆ: ನನ್ನದು ಏಳು ವರ್ಷ ಹಳೆಯ, ಕಡುನೀಲಿ ಬಣ್ಣದ ಸೆಡಾನ್. ವಿಜಯಪುರದಲ್ಲಿ ಮನೆಯ ಮುಂದೆ ಬೇವಿನ ಮರದ ಕೆಳಗೆ ನಿಲ್ಲುತ್ತದೆ. ಬೋರ್‌ವೆಲ್ ನೀರಿನಲ್ಲಿ ತೊಳೆಯುತ್ತೇನೆ. ಏಪ್ರಿಲ್‌ನಲ್ಲಿ ಆನ್‌ಲೈನ್‌ನಿಂದ ದುಬಾರಿ ಕಾರ್ನೌಬಾ ವ್ಯಾಕ್ಸ್ ತರಿಸಿ ಒಂದು ಭಾನುವಾರ ಪೂರ್ತಿ ಅದಕ್ಕೇ ಕಳೆದೆ. ಅಲ್ಲಲ್ಲಿ ಬಿಳಿ ಕಲೆ ಉಳಿಯಿತು; ಹೊಳಪು ಒಂದು ತಿಂಗಳೂ ಬಾಳಲಿಲ್ಲ. ಸರ್ವಿಸಿಂಗ್ ಅಂಗಡಿಯವರು ಟೆಫ್ಲಾನ್ ಮಾಡಿಸಿ ಎನ್ನುತ್ತಾರೆ, ಗೆಳೆಯರು ಸೆರಾಮಿಕ್ ಎನ್ನುತ್ತಾರೆ. ಯಾವ ವ್ಯಾಕ್ಸ್ ಕೊಳ್ಳಲಿ? ಹಚ್ಚುವ ಮೊದಲು ಏನೇನು ಮಾಡಬೇಕು? ಕವರ್ ಹಾಕುವುದು ಒಳ್ಳೆಯದೇ?

ಉತ್ತರ: ನೀವು ಕೊಂಡ ವ್ಯಾಕ್ಸ್ ಕೆಟ್ಟದ್ದೇನಲ್ಲ. ವಿಜಯಪುರದ ಏಪ್ರಿಲ್‌ಗೆ, ಬಯಲಿನಲ್ಲಿ ನಿಲ್ಲುವ ಕಡುಬಣ್ಣದ ಕಾರಿಗೆ ಅದು ಹೊಂದುವುದಿಲ್ಲ, ಅಷ್ಟೇ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ವ್ಯಾಕ್ಸ್‌ಗೆ ಐದಾರು ಸಾಲು ಸಿಕ್ಕಿವೆ, ತೊಳೆಯುವುದಕ್ಕೆ ಒಂದೇ ಒಂದು ಸಾಲು. ನನ್ನ ಉತ್ತರದ ಬಹುಪಾಲು ಆ ಒಂದು ಸಾಲಿನ ಬಗ್ಗೆಯೇ ಇರುತ್ತದೆ, ಬೇಸರಿಸಬೇಡಿ.

ಇಂದಿನ ಕಾರುಗಳ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ನಾಲ್ಕೂ ಸೇರಿ ದಪ್ಪ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 35ರಿಂದ 50 ಮೈಕ್ರಾನ್ ಇರಬಹುದು. ನೀವು ಹೊಳಪು ಎನ್ನುವುದು ಈ ಪದರದ ನುಣುಪು. ಮೈ ನುಣುಪಾಗಿದ್ದರೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ. ಸಣ್ಣ ಗೀರುಗಳಿದ್ದರೆ ಚದುರಿ ಹೋಗುತ್ತದೆ, ಬಣ್ಣ ಮಂಕಾಗಿ ಕಾಣುತ್ತದೆ. ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಬಾನೆಟ್ ನೋಡಿ. ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ವೃತ್ತಾಕಾರದ ಗೆರೆಗಳು ಕಂಡರೆ ನಿಮ್ಮ ಹೊಳಪು ಹೋಗಿರುವುದು ಅಲ್ಲಿ. ವ್ಯಾಕ್ಸ್ ಆ ಗೆರೆಗಳನ್ನು ಒಂದಿಷ್ಟು ದಿನ ತುಂಬಿ ಮರೆಮಾಡಬಲ್ಲದು, ತೆಗೆಯಲಾರದು. ಇದ್ದ ನುಣುಪನ್ನು ಬಿಸಿಲು, ಹಕ್ಕಿಯ ಹಿಕ್ಕೆ, ಮಳೆಯಿಂದ ಕಾಯುವುದಷ್ಟೇ ಅದರ ಕೆಲಸ.

ಹಾಗಾದರೆ ಆ ಗೆರೆಗಳು ಬಂದದ್ದೆಲ್ಲಿಂದ? ಹತ್ತರಲ್ಲಿ ಒಂಬತ್ತು ಪಾಲು ತೊಳೆಯುವಾಗ, ಒರೆಸುವಾಗ. ನಮ್ಮ ಕಡೆಯ ಧೂಳನ್ನು ಹಗುರವಾಗಿ ಕಾಣಬೇಡಿ. ಬಾದಾಮಿ, ಐಹೊಳೆ ಸುತ್ತಲಿನ ಕೆಂಪು ಮರಳುಗಲ್ಲು ಸವೆದು ಬರುವ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿವೆ. ಅವು ಯಾವ ಕ್ಲಿಯರ್ ಕೋಟ್‌ಗಿಂತಲೂ ಗಟ್ಟಿ. ವಿಜಯಪುರದ ಎರೆಮಣ್ಣಿನ ಧೂಳು ನಯವಾಗಿ ಕಂಡರೂ ಇಬ್ಬನಿ ಬಿದ್ದರೆ ಅಂಟಿಕೊಂಡು ಕೂರುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ಕಾರ್ಖಾನೆಯ ಚಿಮಣಿಯಿಂದ ಉದುರುವ ಕಬ್ಬಿನ ಸಿಪ್ಪೆಯ ಕರಿಬೂದಿ ನೋಡಿದ್ದೀರಲ್ಲ, ಅದರಲ್ಲಿ ಸಿಲಿಕಾ ಹೇರಳವಾಗಿದೆ. ಇಷ್ಟೆಲ್ಲ ಕೂತ ಕಾರಿನ ಮೇಲೆ ಬೆಳಿಗ್ಗೆ ಎದ್ದು ಒಣ ಡಸ್ಟರ್ ಆಡಿಸುವುದು ನಮ್ಮ ಓಣಿ ಓಣಿಗಳಲ್ಲಿ ನಿತ್ಯವಿಧಿ. ಆ ಕೇಸರಿ ಬಣ್ಣದ, ದಾರದ ಗೊಂಚಲಿನ ಡಸ್ಟರ್ ನಿಮ್ಮ ಡಿಕ್ಕಿಯಲ್ಲೂ ಇದೆ ಎಂದು ಬಾಜಿ ಕಟ್ಟುತ್ತೇನೆ. ಇವತ್ತೇ ಅದನ್ನು ಫ್ಯಾನ್ ಒರೆಸಲು ಮನೆಯೊಳಗೆ ಕೊಟ್ಟುಬಿಡಿ. ಧೂಳಿನ ಕಾರು ನೋಡಲು ಬೇಸರವಾಗುತ್ತದೆ, ನಿಜ. ಆದರೆ ಅಲ್ಲಾಡದೆ ಕೂತ ಧೂಳು ಬಣ್ಣವನ್ನು ಗೀರುವುದಿಲ್ಲ. ಒಣಬಟ್ಟೆ ಅದನ್ನು ಎಳೆದಾಡಿದಾಗಲೇ ಗೀರು ಬೀಳುವುದು.

ಇನ್ನು ನೀರು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದಾಗ 600ರವರೆಗೆ ಒಪ್ಪುತ್ತಾರೆ. ನಮ್ಮ ಎಷ್ಟೋ ಬೋರ್‌ವೆಲ್‌ಗಳ ಸವಳು ನೀರು ಈ ಮಿತಿಗೂ ಜಗ್ಗುವುದಿಲ್ಲ. ಗೀಸರಿನ ಕಾಯಿಲ್‌ಗೆ ಹತ್ತುವ ಬಿಳಿ ಹಕ್ಕಳೆಯೇ ಅದಕ್ಕೆ ಸಾಕ್ಷಿ. 600ರ ನೀರೇ ಎಂದು ಇಟ್ಟುಕೊಳ್ಳಿ, ತೊಳೆದ ಮೇಲೆ ಕಾಲು ಲೀಟರಿನಷ್ಟು ನೀರು ಕಾರಿನ ಮೈಮೇಲೆ ಒಣಗಿತೆಂದರೆ 150 ಮಿಲಿಗ್ರಾಂ ಸುಣ್ಣದ ಲವಣ ಅಲ್ಲೇ ಉಳಿಯಿತು. ಹನಿ ಆವಿಯಾಗುವಾಗ ಲವಣವೆಲ್ಲ ಅಂಚಿಗೆ ಸರಿದು ಬಿಳಿ ಉಂಗುರವಾಗುತ್ತದೆ. ಬಿಸಿಲಿನಲ್ಲಿ ಎರಡು ಮೂರು ವಾರ ಹಾಗೇ ಬಿಟ್ಟರೆ ಉಂಗುರದ ಕೆಳಗಿನ ಕ್ಲಿಯರ್ ಕೋಟ್ ಸವೆದು ತಗ್ಗಾಗುತ್ತದೆ. ಆಮೇಲೆ ಎಷ್ಟು ತೊಳೆದರೂ ಕಲೆ ಹೋಗುವುದಿಲ್ಲ, ಏಕೆಂದರೆ ಅಲ್ಲಿರುವುದು ಕಲೆಯಲ್ಲ, ಕುಳಿ.

ಆದ್ದರಿಂದ ತೊಳೆಯಲು ಬೋರ್ ನೀರನ್ನೇ ಬಳಸಿದರೂ ಕೊನೆಯ ಎರಡು ಕೊಡ ಮಾತ್ರ ಒಳ್ಳೆಯ ನೀರಿನದಾಗಿರಲಿ. ನಲ್ಲಿಯಲ್ಲಿ ಹೊಳೆಯ ನೀರು ಬರುವ ದಿನ ತುಂಬಿಟ್ಟುಕೊಳ್ಳಿ. ಮಳೆಗಾಲದಲ್ಲಿ ಛಾವಣಿಯ ನೀರನ್ನು ಬ್ಯಾರಲ್‌ಗೆ ಇಳಿಸಿಕೊಂಡರೆ ಇನ್ನೂ ಮೇಲು, ಮಳೆನೀರು ಬಲು ಮೆದು. ಒಂದು ಎಚ್ಚರಿಕೆ: ಮನೆಯ ಆರ್‌ಒ ಯಂತ್ರ ಹೊರಬಿಡುವ ನೀರನ್ನು ವ್ಯರ್ಥವಾಗಬಾರದೆಂದು ಕಾರಿಗೆ ಹಾಕುವವರಿದ್ದಾರೆ. ಉಳಿತಾಯದ ಬುದ್ಧಿ ಮೆಚ್ಚಬೇಕಾದ್ದೇ, ಆದರೆ ಯಂತ್ರ ಶೋಧಿಸಿದ ಲವಣವೆಲ್ಲ ಸೇರಿರುವುದು ಆ ನೀರಿನಲ್ಲೇ. ಅದು ಪಡಸಾಲೆ ಒರೆಸಲು ಸಾಕು, ಕಾರಿಗೆ ಬೇಡ.

ಈಗಾಗಲೇ ಬಿದ್ದ ಬಿಳಿ ಉಂಗುರಗಳಿಗೆ ಅಡುಗೆಮನೆಯ ಬಿಳಿ ವಿನೆಗರ್ ಸಾಕು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಜೊತೆ ಸಮಪಾಲು ಬೆರೆಸಿ, ನೆರಳಿನಲ್ಲಿ, ತಣ್ಣಗಿರುವ ತಗಡಿನ ಮೇಲೆ ಅದರಲ್ಲಿ ನೆನೆಸಿದ ಬಟ್ಟೆಯನ್ನು ಒಂದು ನಿಮಿಷ ಇಟ್ಟು ತೊಳೆದುಬಿಡಿ. ಇದರಿಂದ ಅಲ್ಲಿದ್ದ ವ್ಯಾಕ್ಸ್ ಕೂಡ ಹೋಗುತ್ತದೆ, ಹೇಗೂ ಹೊಸದು ಹಚ್ಚಲಿದ್ದೀರಿ. ಬಾತ್‌ರೂಮಿನ ಆಸಿಡ್ ಮಾತ್ರ ಕಾರಿನ ಹತ್ತಿರ ಸುಳಿಯದಿರಲಿ. ಸಿಮೆಂಟ್ ಕಾರ್ಖಾನೆಗಳಿರುವ ಲೋಕಾಪುರ, ಮುದ್ದಾಪುರದ ಕಡೆಯ ಓದುಗರಿಗೂ ಈ ವಿನೆಗರ್ ಉಪಾಯ ನಡೆಯುತ್ತದೆ. ಸಿಮೆಂಟಿನ ಧೂಳಿಗೆ ಇಬ್ಬನಿ ಸೇರಿದರೆ ಅದು ತನ್ನ ಧರ್ಮದಂತೆ ಗಟ್ಟಿಯಾಗುತ್ತದೆ; ಉಗುರಿನಿಂದ ಕೆರೆಯಲು ಹೋಗಬೇಡಿ.

ತೊಳೆಯುವ ಕ್ರಮ ಹೀಗೆ. ಸೂರ್ಯ ಮೇಲೇರುವ ಮೊದಲು ಅಥವಾ ಸಂಜೆ ತೊಳೆಯಿರಿ, ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಮೊದಲು ಬರೀ ನೀರು ಹೊಯ್ದು ಸಡಿಲ ಧೂಳನ್ನೆಲ್ಲ ಇಳಿಸಿ, ಚಕ್ರಗಳನ್ನು ಬೇರೆಯೇ ಬಟ್ಟೆಯಿಂದ ತೊಳೆಯಿರಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಶಾಂಪೂ ಬಕೆಟ್‌ನಲ್ಲಿ ಅದ್ದಿದ ಮೈಕ್ರೋಫೈಬರ್ ಕೈಗವಸಿನಿಂದ ಒಂದು ಬಾಗಿಲು ಒರೆಸಿದ ಕೂಡಲೇ ಅದನ್ನು ನೀರಿನ ಬಕೆಟ್‌ನಲ್ಲಿ ಜಾಲಿಸಿ, ಹಿಂಡಿ, ಮತ್ತೆ ಶಾಂಪೂಗೆ. ಮೇಲಿನಿಂದ ಕೆಳಕ್ಕೆ ಬನ್ನಿ. ಬಾಗಿಲಿನ ಕೆಳಅಂಚು, ಬಂಪರ್‌ಗಳು ಕೊನೆಗೆ. ಕೆಲಸ ಮುಗಿದಾಗ ಎರಡನೆಯ ಬಕೆಟ್‌ನ ತಳ ನೋಡಿ. ಅಲ್ಲಿ ಕೂತಿರುವ ಕರಿಮಣ್ಣು, ಮರಳು ಇಷ್ಟು ದಿನ ಒಂದೇ ಬಕೆಟ್‌ನಲ್ಲಿ ನಿಮ್ಮ ಬಟ್ಟೆಗೇ ಮರಳಿ ಹತ್ತುತ್ತಿತ್ತು. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು ವ್ಯಾಕ್ಸನ್ನು ಕಿತ್ತು ಹಾಕುತ್ತವೆ, ರಬ್ಬರ್ ಬೀಡಿಂಗ್ ಒಣಗಿಸುತ್ತವೆ. ಒರೆಸಲು ದಪ್ಪನೆಯ ಮೈಕ್ರೋಫೈಬರ್ ಟವೆಲ್ ಇರಲಿ. ಸರ್ವಿಸಿಂಗ್ ಅಂಗಡಿಗಳಲ್ಲಿ ಕಾಣುವ ಬನಿಯನ್ ವೇಸ್ಟ್ ಇಂಜಿನ್ನಿನ ಎಣ್ಣೆ ಒರೆಸಲು ಮಾತ್ರ ಯೋಗ್ಯ. ಅದರ ಹೊಲಿಗೆಯೊಂದೇ ಸಾಕು ಗೀರು ಎಳೆಯಲು.

ಇಷ್ಟಾದ ಮೇಲೂ ಬಣ್ಣ ಪೂರ್ತಿ ಶುದ್ಧವಾಗಿರುವುದಿಲ್ಲ. ಪರೀಕ್ಷೆ ಸುಲಭ. ಕಿರಾಣಿ ಅಂಗಡಿಯ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕೈಹಾಕಿ, ತೊಳೆದ ಬಾನೆಟ್ ಮೇಲೆ ಬೆರಳ ತುದಿಗಳನ್ನು ಮೆಲ್ಲಗೆ ಸರಿಸಿ. ಬರಿಗೈಗೆ ನಯವೆನಿಸಿದ ಜಾಗ ಚೀಲದ ಮೂಲಕ ಗರಗರ ಎನ್ನುತ್ತದೆ. ಏಳು ವರ್ಷದ ಕಾರಿನ ಡಿಕ್ಕಿಯ ಮುಚ್ಚಳ, ಹಿಂದಿನ ಬಂಪರ್, ಬಾಗಿಲುಗಳ ಕೆಳಭಾಗದಲ್ಲಿ ಇದು ಹೆಚ್ಚು. ಬ್ರೇಕ್ ಸವೆದು ಹಾರಿದ ಕಬ್ಬಿಣದ ಕಣಗಳು, ಡಾಂಬರಿನ ಚುಕ್ಕೆಗಳು, ಮರದಿಂದ ಉದುರಿದ ಅಂಟು ಕ್ಲಿಯರ್ ಕೋಟ್‌ನಲ್ಲಿ ಹೂತು ಕೂತಿರುತ್ತವೆ. ಅದರ ಮೇಲೆ ವ್ಯಾಕ್ಸ್ ಹಚ್ಚಿದರೆ ವ್ಯಾಕ್ಸ್ ಹಿಡಿಯುವುದು ಕೊಳೆಯನ್ನು, ಬಣ್ಣವನ್ನಲ್ಲ. ನಿಮ್ಮ ಭಾನುವಾರ ಹಾಳಾದದ್ದಕ್ಕೆ ಅರ್ಧ ಕಾರಣ ಇದೇ.

ಡಾಂಬರಿಗೆ ಟಾರ್ ರಿಮೂವರ್ ಸಿಗುತ್ತದೆ. ಸೀಮೆಎಣ್ಣೆಯೂ ಡಾಂಬರನ್ನು ಕರಗಿಸುತ್ತದೆ, ಆದರೆ ಜಿಡ್ಡು ಬಿಟ್ಟು ಹೋಗುತ್ತದೆ. ಬಳಸಿದರೆ ಆ ಜಾಗವನ್ನು ಮತ್ತೆ ಶಾಂಪೂವಿನಿಂದ ತೊಳೆಯಿರಿ, ರಬ್ಬರಿಗೆ ತಾಗಿಸಬೇಡಿ. ಕಬ್ಬಿಣದ ಕಣಗಳಿಗೆ ಐರನ್ ರಿಮೂವರ್ ಎಂಬ ದ್ರಾವಣವಿದೆ: ಸಿಂಪಡಿಸಿದ ಸ್ವಲ್ಪ ಹೊತ್ತಿಗೆ ಕಣವಿದ್ದಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ವಾಸನೆ ಮಾತ್ರ ಕೊಳೆತ ಮೊಟ್ಟೆಯದು, ಬಯಲಿನಲ್ಲೇ ಮಾಡಿ. ಒಣಗಲು ಬಿಡದೆ ತೊಳೆಯಬೇಕು. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಹೂತ ಕೊಳೆಯನ್ನು ಎಳೆದು ತೆಗೆಯುವ, ಕಣಕದಂಥ ಮೆತ್ತನೆಯ ತುಂಡು. ಶಾಂಪೂ ನೀರನ್ನು ಧಾರಾಳವಾಗಿ ಸಿಂಪಡಿಸಿ, ಕ್ಲೇ ತುಂಡನ್ನು ಚಪ್ಪಟೆ ಮಾಡಿ ಒತ್ತದೆ ಉದ್ದಕ್ಕೆ ಸರಿಸುತ್ತಾ ಹೋಗಿ. ಮೊದಲು ತೊಡರುತ್ತದೆ, ಆಮೇಲೆ ಜಾರತೊಡಗುತ್ತದೆ. ಜಾರಿತೆಂದರೆ ಆ ಜಾಗ ಮುಗಿಯಿತು. ತುಂಡನ್ನು ಆಗಾಗ ಮಡಚಿ ಹೊಸ ಮೈ ತೆಗೆದುಕೊಳ್ಳಿ. ಕೈತಪ್ಪಿ ನೆಲಕ್ಕೆ ಬಿದ್ದ ಕ್ಲೇ ಎಷ್ಟೇ ದುಬಾರಿಯದಾದರೂ ಕಸದ ಬುಟ್ಟಿಗೆ. ಈ ಕೆಲಸ ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಸಾಕು.

ಈಗ ಅಂಗಡಿಯವರ ಬಾಯಲ್ಲಿ ಎಲ್ಲವೂ ‘ಪಾಲಿಶ್’ ಆಗಿರುವ ಗೊಂದಲ. ರಬ್ಬಿಂಗ್ ಕಾಂಪೌಂಡ್ ಮತ್ತು ಪಾಲಿಶ್ ಬಣ್ಣವನ್ನು ತೇಯ್ದು ನುಣುಪು ಮಾಡುತ್ತವೆ. ಅಂದರೆ ಕ್ಲಿಯರ್ ಕೋಟ್‌ನ ಒಂದಂಶ ಪ್ರತಿ ಸಲವೂ ಹೋಗುತ್ತದೆ. ವ್ಯಾಕ್ಸ್ ಮತ್ತು ಸೀಲೆಂಟ್ (ಮೇಣದ ಬದಲಿಗೆ ಬಳಸುವ ಕೃತಕ ಲೇಪ) ಮೇಲೊಂದು ಪದರ ಕೊಡುತ್ತವೆ. ಒಂದು ಕಳೆಯುವ ಲೆಕ್ಕ, ಇನ್ನೊಂದು ಕೂಡುವ ಲೆಕ್ಕ. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವ ಅಂಶ ಇರುವುದೂ ಅದೇ ಕ್ಲಿಯರ್ ಕೋಟ್‌ನಲ್ಲಿ. ಪ್ರತಿ ಸರ್ವಿಸಿಂಗ್‌ನಲ್ಲೂ ‘ರಬ್ಬಿಂಗ್ ಪಾಲಿಶ್’ ಮಾಡಿಸಿಕೊಳ್ಳುವವರ ಕಾರಿನ ಛಾವಣಿ ಕೆಲವು ವರ್ಷಗಳಲ್ಲಿ ಸುಣ್ಣ ಎರಚಿದಂತೆ ಬೆಳ್ಳಗಾಗಿ ಸುಲಿಯುವುದು ಇದಕ್ಕೇ. ಆ ಹಂತ ತಲುಪಿದ ತಗಡಿಗೆ ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ.

ನಿಮ್ಮ ಕಾರಿಗೆ ಗೆರೆಗಳು ಕಣ್ಣಿಗೆ ಚುಚ್ಚುವಷ್ಟಿದ್ದರೆ ಒಂದೇ ಒಂದು ಸಲ ಒಳ್ಳೆಯ ಪಾಲಿಶ್ ಮಾಡಿಸಿ. ಅಂಗಡಿಯಲ್ಲಿ ಮೂರು ಮಾತು ಕೇಳಿ. ಬಣ್ಣದ ದಪ್ಪ ಅಳೆಯುವ ಮೀಟರ್ ಇದೆಯೇ? ಯಂತ್ರ ತಿರುಗುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆ್ಯಕ್ಷನ್ನೋ, ಬರೀ ಗರಗರ ತಿರುಗುವ ರೋಟರಿಯೋ? ಒಂದು ಮೂಲೆಯಲ್ಲಿ ಹಗುರವಾದ ಪಾಲಿಶ್‌ನಿಂದ ಮಾಡಿ ತೋರಿಸುತ್ತೀರಾ? ರೋಟರಿ ಕೆಟ್ಟದ್ದೆಂದಲ್ಲ, ನುರಿತ ಕೈ ಬೇಕು. ಕೈ ತಪ್ಪಿದರೆ ಅಂಚುಗಳಲ್ಲಿ ಬಣ್ಣ ಸುಡುತ್ತದೆ, ಬಿಸಿಲಿನಲ್ಲಿ ಅಲೆ ಅಲೆಯಾದ ನೆರಳು ಕಾಣುತ್ತದೆ. ಮೀಟರ್ ಎಂದ ಕೂಡಲೇ ಮುಖ ತಿರುಗಿಸುವ ಅಂಗಡಿಯಿಂದ ನೀವೂ ತಿರುಗಿ ಬನ್ನಿ. ಹಳೆಯ ಕಾರುಗಳಲ್ಲಿ, ಮುಖ್ಯವಾಗಿ ಬಿಳಿ, ಕೆಂಪಿನ ಸಾದಾ ಬಣ್ಣದವುಗಳಲ್ಲಿ, ಕ್ಲಿಯರ್ ಕೋಟ್ ಇಲ್ಲದೆಯೂ ಇರಬಹುದು: ಪಾಲಿಶ್ ಉಜ್ಜಿದ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಅದು ಅಂಥದ್ದು. ಡೆಂಟಿಂಗ್ ಮಾಡಿಸಿ ಹೊಸದಾಗಿ ಬಣ್ಣ ಹೊಡೆಸಿದ ಭಾಗವಿದ್ದರೆ ಎರಡು ತಿಂಗಳಾದರೂ ವ್ಯಾಕ್ಸ್ ಹಚ್ಚಬೇಡಿ. ಒಳಗಿನ ದ್ರಾವಕ ಆವಿಯಾಗಿ ಹೊರಬರಬೇಕು.

ವ್ಯಾಕ್ಸ್‌ಗೆ ಬಂದೆ. ಕಾರ್ನೌಬಾ ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಮರದ ಎಲೆಯ ಮೇಣ. ಸಸ್ಯಜನ್ಯ ಮೇಣಗಳಲ್ಲಿ ಅತ್ಯಂತ ಗಟ್ಟಿ. ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದು ಎಷ್ಟು ಗಟ್ಟಿಯೆಂದರೆ ಹಾಗೇ ಹಚ್ಚಲು ಬರುವುದಿಲ್ಲ, ಎಣ್ಣೆ, ದ್ರಾವಕ, ಜೇನುಮೇಣ ಬೆರೆಸಿ ಮೆದು ಮಾಡುತ್ತಾರೆ. ಹಾಗೆ ಬೆರೆಸಿದ ಡಬ್ಬಿಯ ಮೇಣ ಶುದ್ಧ ಮೇಣಕ್ಕಿಂತ ಬಹಳ ಮೊದಲೇ ಸಡಿಲಾಗುತ್ತದೆ. ಗಾಳಿಯ ಉಷ್ಣತೆ 40 ಡಿಗ್ರಿ ದಾಟಿದ ಮಧ್ಯಾಹ್ನ ಕಡುನೀಲಿ ಬಾನೆಟ್ 70 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ನಿಮ್ಮ ವ್ಯಾಕ್ಸ್ ತಿಂಗಳಿಗೆ ಕೈಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಅದರ ಹೊಳಪಿನ ಆಳ, ಮೃದುತನ ಚೆಂದವೇ. ಡಬ್ಬಿಯನ್ನು ಎಸೆಯಬೇಡಿ, ಮಗಳ ಮದುವೆಗೋ ಚಳಿಗಾಲಕ್ಕೋ ಇಟ್ಟುಕೊಳ್ಳಿ.

ನಿಮಗೆ ನನ್ನ ಆಯ್ಕೆ ದ್ರವರೂಪದ ಸಿಂಥೆಟಿಕ್ ಸೀಲೆಂಟ್. ಇದು ಮೇಣವಲ್ಲ, ಪಾಲಿಮರ್. ಬಿಸಿಲಿಗೆ ಸಡಿಲಾಗುವುದಿಲ್ಲ, ಧೂಳು ಕಡಿಮೆ ಹಿಡಿಯುತ್ತದೆ, ನಮ್ಮ ಹವೆಯಲ್ಲಿ ಮೂರು ನಾಲ್ಕು ತಿಂಗಳು ನಿಲ್ಲುತ್ತದೆ. ಡಬ್ಬಿಯ ಮೇಲೆ ಒಂದು ವರ್ಷ ಎಂದು ಬರೆದಿದ್ದರೆ ಅದು ಶೆಡ್ಡಿನೊಳಗೆ ಮಲಗಿರುವ ಕಾರಿನ ಲೆಕ್ಕ ಎಂದುಕೊಳ್ಳಿ. ಕೊಳ್ಳುವಾಗ ಹಿಂದಿನ ಚೀಟಿ ಓದಿ: ‘ಕ್ಲೀನರ್ ವ್ಯಾಕ್ಸ್’, ‘ಒನ್ ಸ್ಟೆಪ್’ ಎಂದಿದ್ದರೆ ಅದರಲ್ಲಿ ತೇಯುವ ಪುಡಿಯೂ ಇದೆ, ಪದೇ ಪದೇ ಹಚ್ಚುವುದಕ್ಕಲ್ಲ.

ಟೆಫ್ಲಾನ್ ಎಂಬುದು ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್. ಅದು ಕರಗುವುದು 327 ಡಿಗ್ರಿಯಲ್ಲಿ. ದೋಸೆಯ ಕಾವಲಿಗೆ ಅದನ್ನು ಕೂಡಿಸುವುದು ಕುಲುಮೆಯ ಶಾಖದಲ್ಲಿ. ಆ ಶಾಖ ಕೊಟ್ಟರೆ ನಿಮ್ಮ ಕಾರಿನ ಬಣ್ಣವೇ ಉಳಿಯುವುದಿಲ್ಲ. ಸರ್ವಿಸಿಂಗ್ ಅಂಗಡಿಯಲ್ಲಿ ಆ ಹೆಸರಿನಲ್ಲಿ ಹಚ್ಚುವುದು ಆ ಪುಡಿ ಬೆರೆಸಿದ, ಕೆಲವೊಮ್ಮೆ ಅದೂ ಇಲ್ಲದ, ಒಂದು ಸೀಲೆಂಟ್. ಕೆಟ್ಟದ್ದಲ್ಲ, ನೀವೇ ಹಚ್ಚಬಹುದಾದದ್ದಕ್ಕೆ ಹೆಚ್ಚಿನ ಹಣ.

ಸೆರಾಮಿಕ್ ಬೇರೆಯೇ ವಸ್ತು. ಸಿಲಿಕಾ ಆಧಾರಿತ ದ್ರವ ಬಣ್ಣದ ಮೇಲೆ ಗಟ್ಟಿಯಾಗಿ ಕೂರುತ್ತದೆ, ಚೆನ್ನಾಗಿ ಮಾಡಿದ್ದು ಎರಡು ಮೂರು ವರ್ಷ ಬಾಳುತ್ತದೆ. ಆದರೆ ಮಾರುವವರ ‘9ಎಚ್’ ಎಂಬ ಹೆಗ್ಗಳಿಕೆಗೆ ಮರುಳಾಗಬೇಡಿ; ಅದು ಪೆನ್ಸಿಲ್ ಸೀಸದ ಗಡಸುತನದ ಅಳತೆ, ಬೆಣಚುಕಲ್ಲಿನ ಧೂಳು ಅದನ್ನೂ ಗೀರುತ್ತದೆ. ಸವಳು ನೀರಿನ ಉಂಗುರ ಸೆರಾಮಿಕ್ ಮೇಲೂ ಬೀಳುತ್ತದೆ. ಹಾಗಾಗಿ ತೊಳೆಯುವ ರೀತಿ ಬದಲಿಸದವರಿಗೆ ಸೆರಾಮಿಕ್ ಕೂಡ ದಂಡ. ಹೊಸ ಕಾರು, ಶೆಡ್ಡು, ಒಳ್ಳೆಯ ನೀರು ಇರುವವರು ಯೋಚಿಸಲಿ. ಏಳು ವರ್ಷದ ನಿಮ್ಮ ಕಾರಿಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ಹಚ್ಚುವ ದಿನ. ತೊಳೆದು, ಕ್ಲೇ ಮಾಡಿ, ಪೂರ್ತಿ ಒಣಗಿದ ಮೇಲೆ ಹಳೆಯ ಜಿಡ್ಡು ತೆಗೆಯಲು ಔಷಧ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಮೂರು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಒಮ್ಮೆ ಒರೆಸಿ. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಅಂಟಿಸಿ. ನಿಮಗೆ ಬಿಳಿ ಕಲೆ ಉಳಿದದ್ದು ಬಹುಶಃ ಅಲ್ಲಿ ಮತ್ತು ಬಾಗಿಲ ಸಂದುಗಳಲ್ಲಿ. ಇದ್ದ ಕಲೆಯನ್ನು ಶಾಂಪೂ ನೀರಿನಲ್ಲಿ ಅದ್ದಿದ ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬಹುದು. ಸ್ಪಾಂಜಿಗೆ ಬಟಾಣಿ ಕಾಳಿನಷ್ಟು ಸೀಲೆಂಟ್ ನಾಲ್ಕು ಕಡೆ ಇಟ್ಟು ಒಂದು ಬಾಗಿಲಿಗೆ ಹರಡಿ. ಕಂಡೂ ಕಾಣದಷ್ಟು ತೆಳುವಾಗಿರಬೇಕು. ದಪ್ಪ ಹಚ್ಚಿದರೆ ಹೆಚ್ಚು ದಿನ ಬರುತ್ತದೆಂಬುದು ಸುಳ್ಳು. ಹೆಚ್ಚಾದದ್ದೆಲ್ಲ ಟವೆಲ್‌ಗೆ ಹೋಗುತ್ತದೆ, ನಿಮ್ಮ ತೋಳು ನೋಯುತ್ತದೆ. ಹತ್ತು ನಿಮಿಷದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆಯಿರಿ: ಗೆರೆ ಸ್ವಚ್ಛವಾಗಿ ಮೂಡಿದರೆ ಒರೆಸಬಹುದು, ಮಸಕಾಗಿ ಕಲಸಿದರೆ ಇನ್ನಷ್ಟು ಕಾಯಿರಿ. ಬಿಸಿ ತಗಡಿನ ಮೇಲೆ ಈ ಪರೀಕ್ಷೆಗೆ ಅವಕಾಶವೇ ಇರುವುದಿಲ್ಲ, ಹಚ್ಚುತ್ತಿದ್ದಂತೆ ಒಣಗಿ ಕಚ್ಚಿಕೊಳ್ಳುತ್ತದೆ. ಹಚ್ಚಿದ ಮೇಲೆ ಒಂದು ರಾತ್ರಿ ನೀರು ತಾಗಿಸಬೇಡಿ. ಮರುದಿನ ಎರಡನೆಯ ಪದರ ಹಚ್ಚಿದರೆ ಮೊದಲ ಸಲ ಬಿಟ್ಟುಹೋದ ಜಾಗಗಳೂ ಮುಚ್ಚುತ್ತವೆ.

ವರ್ಷಕ್ಕೆ ಮೂರು ಸಲ: ಫೆಬ್ರುವರಿ ಕೊನೆಗೆ, ಮಳೆಗೆ ಮುಂಚೆ, ದಸರೆಯ ಹೊತ್ತಿಗೆ. ಬೆಳಗಾವಿ, ಖಾನಾಪುರದ ಕಡೆಯವರಿಗೆ ಮಳೆ ಹೆಚ್ಚು, ಅವರು ಮೇ ತಿಂಗಳಿನದನ್ನು ತಪ್ಪಿಸಬಾರದು. ನಡುವೆ ಹಕ್ಕಿಯ ಹಿಕ್ಕೆ ಬಿದ್ದರೆ ಒಣಗುವ ಮೊದಲೇ ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಿ. ಅದು ಆಮ್ಲೀಯ, ಏಪ್ರಿಲ್ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ಸಾಕು ಗುರುತು ಉಳಿಯಲು. ಬೇವಿನ ಮರದ ನೆರಳನ್ನು ಬಿಡಿ ಎನ್ನಲಾರೆ, ಅಂಟಿನ ಹನಿಗೂ ಇದೇ ಉಪಚಾರ. ಖಂಡೇಪೂಜೆಯ ದಿನ ಬಾನೆಟ್‌ಗೆ ವಿಭೂತಿ, ಕುಂಕುಮ ಹಚ್ಚುತ್ತೀರಿ, ಹಚ್ಚಿ. ಮರುದಿನ ಅದನ್ನು ಒಣಬಟ್ಟೆಯಿಂದ ಉಜ್ಜುವ ಬದಲು ನೀರು ಬಿಟ್ಟು ಇಳಿಸಿ. ಹೂವಿನ ಹಾರಕ್ಕೆ ಹಾಕಿದ ಟೇಪನ್ನು ಬಿಸಿಲೇರುವ ಮೊದಲು ಕೀಳಿ.

ಕವರ್ ಬಗ್ಗೆ: ಶೆಡ್ಡಿನೊಳಗೆ ನಿಲ್ಲುವ ಕಾರಿಗೆ, ತೊಳೆದ ಮೇಲೆ ಹಾಕಿದರೆ ಒಳ್ಳೆಯದು. ಬಯಲಿನಲ್ಲಿ ಬೇಡ. ನಮ್ಮ ಆಷಾಢದ ಗಾಳಿಗೆ ಕವರ್ ರಾತ್ರಿಯಿಡೀ ಪಟಪಟನೆ ಬಡಿಯುತ್ತದೆ, ಒಳಗೆ ಸಿಕ್ಕ ಧೂಳನ್ನು ಬಣ್ಣಕ್ಕೆ ತಿಕ್ಕುತ್ತದೆ. ಬಾನೆಟ್ ಅಂಚು, ಕನ್ನಡಿಗಳ ತುದಿ ಮೊದಲು ಮಂಕಾಗುತ್ತವೆ. ಜಾಗವಿದ್ದರೆ ಕವರಿನ ಮತ್ತು ಟೆಫ್ಲಾನಿನ ಹಣವನ್ನು ನಾಲ್ಕು ಕಂಬ, ಮೇಲೊಂದು ತಗಡಿಗೆ ಹಾಕಿ. ಪಶ್ಚಿಮದ ಬದಿಗೆ ಹಸಿರು ನೆಟ್ ಕಟ್ಟಿದರೆ ಮಧ್ಯಾಹ್ನ ಮೂರರ ಬಿಸಿಲೂ ತಪ್ಪುತ್ತದೆ.